ಎರಡೂರಿನ ವಾಸ ಮತ್ತು ಮುಪ್ಪಿನ ಕಾಲದ ಆರೋಗ್ಯ ವಿಮೆ



ತೋಟದವನಿಗೆ ನಿವೃತ್ತಿ ಇಲ್ಲವೆಂದು ಹೇಳುವುದು ನಮ್ಮಲ್ಲಿ ವಾಡಿಕೆ. ಕೊನೆಯ ಅಡಿಕೆ ಗೊನೆ ಇಳಿಯುವ ತನಕ ನಮ್ಮ ಕೆಲಸ ಮುಗಿಯುವುದಿಲ್ಲ ಎಂಬ ಮಾತು ನಿಜವೇ. ಆದರೆ ಅರವತ್ತೈದು ದಾಟಿದ ಮೈ ಈ ಮಾತನ್ನು ಒಪ್ಪುವುದಿಲ್ಲ. ಮಂಡಿನೋವು, ಉಬ್ಬಸ ಇದ್ದವರಿಗೆ ಮಲೆನಾಡಿನ ಮಳೆಗಾಲ ಎಂದರೆ ಏನೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಅನೇಕರು ಈಗ ಎರಡೂರಿನವರಾಗಿದ್ದಾರೆ. ಅಡಿಕೆ ಕೊಯ್ಲಿಗೆ, ಕಾಫಿ ಹಣ್ಣಿಗೆ ತೋಟದ ಮನೆ. ಮಳೆ ಹಿಡಿದ ಮೇಲೆ ಬೆಂಗಳೂರೋ ಶಿವಮೊಗ್ಗವೋ ಹುಬ್ಬಳ್ಳಿಯೋ, ಮಕ್ಕಳಿರುವಲ್ಲಿ. ನಾವೂ ಆ ಪೈಕಿಯವರೇ. ನಮ್ಮ ಇನ್ನೊಂದು ಮನೆ ಇರುವುದು ಬಾಗಲಕೋಟೆ ಜಿಲ್ಲೆಯ ಗಲಗಲಿಯಲ್ಲಿ.

ಗಾಲವ ಮಹರ್ಷಿಗಳ ಹೆಸರಿನೊಂದಿಗೆ ಸೇರಿಕೊಂಡು ಬಂದಿರುವ ಕೃಷ್ಣೆಯ ದಂಡೆಯ ಆ ಊರು ನಮ್ಮ ಹುಟ್ಟೂರು. ಆಲಮಟ್ಟಿಯ ಹಿನ್ನೀರು ನಮ್ಮ ಹೊಲಕ್ಕೆ ಬಂದ ಮೇಲೆ, ಪರಿಹಾರದ ಹಣಕ್ಕೆ ಕೈಗಡ ಸೇರಿಸಿ ಕೊಪ್ಪದ ಕಡೆ ಮೂರೂವರೆ ಎಕರೆ ತೋಟ ಕೊಂಡೆವು. ಜೋಳ ಬಿತ್ತುತ್ತಿದ್ದ ಕೈಗೆ ಅಡಿಕೆ ಸುಲಿಯುವ ಕತ್ತಿಯನ್ನು ಕೊಟ್ಟವರು, ಮೈಲುತುತ್ತ ಸುಣ್ಣದ ಪಾಕ ಮಾಡುವುದನ್ನು ಕಲಿಸಿದವರು ಈ ಸಂಘದ ಸದಸ್ಯರೇ. ಮಗ ಈಗ ತೋಟ ನೋಡಿಕೊಳ್ಳುತ್ತಾನೆ. ನಾವಿಬ್ಬರೂ ಮೊದಲ ಸಲದ ಔಷಧಿ ಹೊಡೆದು ಮುಗಿದ ಮೇಲೆ ಗಲಗಲಿಗೆ ಹೋಗಿ, ನವರಾತ್ರಿಯ ಹೊತ್ತಿಗೆ ತಿರುಗಿ ಬರುತ್ತೇವೆ. ಅಲ್ಲಿ ಮಗಳ ಸಂಸಾರವಿದೆ, ಒಣ ಗಾಳಿಯಿದೆ, ಹಳೆಯ ನಂಟರಿದ್ದಾರೆ. ಇಷ್ಟರ ತನಕ ಎಲ್ಲವೂ ಸುಖವೇ. ಕಾಯಿಲೆಯ ವಿಚಾರ ಬಂದಾಗ ಮಾತ್ರ ನಾವು ಎರಡು ದೋಣಿಯಲ್ಲಿ ಕಾಲಿಟ್ಟವರಾಗಿದ್ದೇವೆ ಎಂದು ತಿಳಿಯಿತು. ಅದನ್ನು ಹೇಳಿ, ಅದರಿಂದ ನಮಗೆ ತೋಚಿದ ನಾಲ್ಕು ಮಾತನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

2023ರ ಭಾದ್ರಪದದಲ್ಲಿ ಗಲಗಲಿಯಲ್ಲಿದ್ದಾಗ ಮನೆಯವರಿಗೆ ನಡುರಾತ್ರಿ ಹೊಟ್ಟೆನೋವು ಎದ್ದಿತು. ಬೆಳಗಿನ ಹೊತ್ತಿಗೆ ಪಟ್ಟಣದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಪಿತ್ತಕೋಶದಲ್ಲಿ ಕಲ್ಲು, ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕೆಂದರು. ನಮ್ಮ ಹತ್ತಿರ ಐದು ವರ್ಷದಿಂದ ಕಂತು ಕಟ್ಟುತ್ತ ಬಂದಿದ್ದ ಖಾಸಗಿ ವಿಮೆಯ ಪಾಲಿಸಿ ಇತ್ತು. ಅದನ್ನು ನಂಬಿ, ವರ್ಷಕ್ಕೆ 500 ರೂಪಾಯಿಯ ಯಶಸ್ವಿನಿಗೆ ನಾವು ಸೇರಿರಲಿಲ್ಲ. ಅಳಿಯ ಕಾರ್ಡನ್ನು ನೋಡಿ ಕೇಳಿದ ಮೊದಲ ಮಾತೇ, 'ಮಾವಾರ, ಇದು ನಮ್ಮ ಕಡೆ ನಡೀತೈತೇನ್ರಿ?' ಎಂದು. ಆ ಪ್ರಶ್ನೆಯನ್ನು ಐದು ವರ್ಷದಲ್ಲಿ ನಾವು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ನಡೆಯಲಿಲ್ಲ. ಆ ಪಾಲಿಸಿಯ ಪಟ್ಟಿಯಲ್ಲಿದ್ದ ಆಸ್ಪತ್ರೆಗಳು ಶಿವಮೊಗ್ಗ, ಮಣಿಪಾಲ, ಮಂಗಳೂರಿನ ಕಡೆಯವು. ಪಾಲಿಸಿ ಮಾಡಿಸಿದ ದಿನ ತೋಟದ ಮನೆಯ ಜಗಲಿಯಲ್ಲಿ ಕುಳಿತು ಸಹಿ ಹಾಕಿದ್ದೆವು. ಆ ಜಗಲಿಗೆ ಹತ್ತಿರದ ಆಸ್ಪತ್ರೆಗಳನ್ನಷ್ಟೇ ಅಂದು ನೋಡಿದ್ದು. ಇಲ್ಲಿ ಹಣ ಕಟ್ಟಿ, ಆಮೇಲೆ ಬಿಲ್ಲು ಕಳಿಸಿ ಪಡೆಯಬೇಕು ಎಂಬ ಉತ್ತರ ಬಂತು. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಒಳ್ಳೆಯ ಧಾರಣೆ ಬರಲೆಂದು ಸಂಘದ ಉಗ್ರಾಣದಲ್ಲಿಟ್ಟಿದ್ದ ಅಡಿಕೆಯನ್ನು ಫೋನಿನಲ್ಲಿಯೇ ಹೇಳಿ ಬಿಡಿಸಿದೆವು. ಅದು ಕೊಯ್ಲಿನ ಆಳುಗಳ ಮುಂಗಡಕ್ಕೆಂದು ಇಟ್ಟ ಅಡಿಕೆ. ಮನೆಯವರು ಗುಣವಾದರು, ಅದು ದೊಡ್ಡದು. ಆದರೆ 1 ಲಕ್ಷ 10 ಸಾವಿರದ ಬಿಲ್ಲಿಗೆ, ಕಾಗದದ ಮೇಲೆ ಕಾಗದ ಕಳಿಸಿ, ನಾಲ್ಕು ತಿಂಗಳ ನಂತರ ನಮಗೆ ಬಂದದ್ದು 68 ಸಾವಿರ. ಆ ವರ್ಷ ಕೊಯ್ಲಿಗೆ ಬಡ್ಡಿಯ ಹಣ ತಂದೆವು.

ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಪಾಲಿಸಿಯ ಪುಸ್ತಕದಲ್ಲಿ ಎಲ್ಲವೂ ಅಚ್ಚಾಗಿತ್ತು; ನಾವು ಓದಿರಲಿಲ್ಲ. ಗೊಬ್ಬರದ ಚೀಲದ ಮೇಲಿನ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದುವ ನಾವು, ನಮ್ಮ ಮೈಯ ಕಾಗದವನ್ನು ಓದದೆ ಪೆಟ್ಟಿಗೆಗೆ ಹಾಕಿದೆವು.

ಈಗ ನಮ್ಮ ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಯಶಸ್ವಿನಿ. ಇದು ಸಹಕಾರಿಗಳದೇ ಯೋಜನೆ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಪ್ರೇರಣೆಯಿಂದ 2002ರಲ್ಲಿ ರೂಪುಗೊಂಡು 2003ರ ಜೂನ್‌ನಿಂದ ನಡೆಯಲು ತೊಡಗಿದಾಗ, ಒಬ್ಬ ರೈತ ವರ್ಷಕ್ಕೆ ಕಟ್ಟಬೇಕಾಗಿದ್ದದ್ದು 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಂದಿಗೆ ಸೇರಿಸಿ ನಿಲ್ಲಿಸಿದರು. ಸಹಕಾರಿಗಳ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ತಂದರು. ನವೆಂಬರ್ 1ರಿಂದ ನೋಂದಣಿ ಆರಂಭವಾಗಿ 2023ರ ಜನವರಿ 1ರಿಂದ ಚಿಕಿತ್ಸೆ ದೊರೆಯಿತು. ಮತ್ತೆ ಬಂದ ಯೋಜನೆಯಲ್ಲಿ ಗ್ರಾಮಾಂತರ ಸಹಕಾರ ಸಂಘದ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂಪಾಯಿ. ಪಟ್ಟಣದ ಸಂಘದವರಿಗೆ 1,000 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ, ಪಟ್ಟಿಯಲ್ಲಿರುವ ಚಿಕಿತ್ಸೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ, ನಗದಿಲ್ಲದೆ.

ಎರಡೂರಿನವರಿಗೆ ಇದರ ದೊಡ್ಡ ಗುಣವೆಂದರೆ ಇದು ರಾಜ್ಯಕ್ಕೆಲ್ಲ ಒಂದೇ. ಕೊಪ್ಪದ ಸಂಘದಲ್ಲಿ ಹಣ ಕಟ್ಟಿದವನು ಬಾಗಲಕೋಟೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೂ ಹೋಗಬಹುದು. ಇನ್ನೊಂದು ಗುಣ, ನೋಂದಣಿಯ ಕಾಲ ಕೊಯ್ಲಿನ ಸುಮಾರಿಗೇ ಬರುವುದರಿಂದ ಆಗ ನಾವೆಲ್ಲ ತೋಟದಲ್ಲಿಯೇ ಇರುತ್ತೇವೆ. ಆದರೆ ನಿಯಮಗಳನ್ನು ಮರೆಯಬಾರದು. ಕುಟುಂಬದಲ್ಲಿ ಸರ್ಕಾರಿ ನೌಕರರಿದ್ದರೆ, ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 30,000 ರೂಪಾಯಿಗೆ ಮೀರಿದ ಸಂಬಳದವರಿದ್ದರೆ, ಅಥವಾ ಬೇರೆ ಆರೋಗ್ಯ ವಿಮೆಯ ಫಲಾನುಭವಿಗಳಾಗಿದ್ದರೆ ಸೇರಲು ನಿರ್ಬಂಧವಿದೆ. ಅರ್ಜಿಯಲ್ಲಿ ಸುಳ್ಳು ಬರೆದು ಸೇರುವುದು ಬೇಡ; ಕಷ್ಟದ ದಿನ ಆ ಸುಳ್ಳು ಆಸ್ಪತ್ರೆಯ ಕಿಟಕಿಯಲ್ಲಿ ಹೊರಬೀಳುತ್ತದೆ. ಅಂದಮೇಲೆ ಯಶಸ್ವಿನಿಯೋ ಖಾಸಗಿ ಪಾಲಿಸಿಯೋ ಎಂದು ಕುಳಿತು ಯೋಚಿಸಿ ಒಂದನ್ನು ಆರಿಸಿಕೊಳ್ಳಬೇಕು.

ಎರಡನೆಯದು ಪಡಿತರ ಚೀಟಿಯ ಆಧಾರದಲ್ಲಿ ದೊರೆಯುವುದು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಎಂದು ಆರಂಭವಾಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡ ಯೋಜನೆ ಇದು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿಯಾದ ದರದಲ್ಲಿ ಶೇಕಡಾ 30ರಷ್ಟು, ಒಟ್ಟು ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ. ಇಲ್ಲಿ ತಿಳಿದಿರಬೇಕಾದದ್ದು ಏನೆಂದರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ಚೀಟಿ ಬರೆದು ಕೊಟ್ಟರೆ ಖಾಸಗಿ ಆಸ್ಪತ್ರೆ. ತುರ್ತು ಸಂದರ್ಭಕ್ಕೆ ಮಾತ್ರ ಈ ಕಟ್ಟಿಲ್ಲ. ನಮ್ಮ ಚೀಟಿ ಚಿಕ್ಕಮಗಳೂರು ಜಿಲ್ಲೆಯದಾದರೂ, ರಾಜ್ಯದೊಳಗೆ ಅದು ಪರವೂರಿನ ಚೀಟಿಯಲ್ಲ.

ಮೂರನೆಯದು ವಯಸ್ಸಿನ ಆಧಾರದ್ದು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ವರ್ಷ ದಾಟಿದವರಿಗೆ, ಆದಾಯದ ಲೆಕ್ಕ ಕೇಳದೆ, ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕದ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಆರಂಭಿಸಿತು. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿ. ಇದರ ಖರ್ಚನ್ನು ಕೇಂದ್ರ ಮತ್ತು ರಾಜ್ಯಗಳು ಹಂಚಿಕೊಳ್ಳಬೇಕಾಗಿರುವುದರಿಂದ ಇದು ನಡೆಯುವುದು ಆಯಾ ರಾಜ್ಯ ನಡೆಸಿದಂತೆ. ಕಾರ್ಡು ಇದ್ದವರು ಎರಡೂ ಊರಿನ ಆಸ್ಪತ್ರೆಗೆ ಮೈ ಗಟ್ಟಿಯಿರುವಾಗಲೇ ಹೋಗಿ, 'ಇದನ್ನು ಒಪ್ಪುತ್ತೀರಾ?' ಎಂದು ಕೇಳಿ ಬರಬೇಕು. ಇದೊಂದನ್ನೇ ನಂಬಿ ಕೈಯಲ್ಲಿರುವ ವಿಮೆಯನ್ನು ಬಿಡಬಾರದೆಂಬುದು ನಮ್ಮ ಅಭಿಪ್ರಾಯ.

ನಾಲ್ಕನೆಯದು ಖಾಸಗಿ ಪಾಲಿಸಿ. ಇದರ ನಿಯಮಗಳು ಈಚೆಗೆ ಹಿರಿಯರಿಗೆ ಅನುಕೂಲವಾಗಿ ಬದಲಾಗಿವೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆಂಬ ಕಟ್ಟು 2024ರ ಏಪ್ರಿಲ್‌ನಿಂದ ಹೋಯಿತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ 4 ವರ್ಷದಿಂದ 3 ವರ್ಷಕ್ಕೆ ಇಳಿಯಿತು. ಅರವತ್ತು ದಾಟಿದವರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವುದಿದ್ದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಕೇಳಬೇಕೆಂದು 2025ರ ಜನವರಿಯಲ್ಲಿ ಆಜ್ಞೆಯಾಯಿತು. ಕಂತಿನ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಇವೆಲ್ಲ ಒಳ್ಳೆಯದೇ. ಆದರೆ ಎರಡೂರಿನವರು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಒಂದು, ಎರಡೂ ಮನೆಗಳಿಂದ ಎರಡು ಗಂಟೆಯೊಳಗೆ ತಲುಪಬಹುದಾದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ? ನಮ್ಮ ಕೊಪ್ಪ ಶೃಂಗೇರಿಯವರು ಘಟ್ಟ ಇಳಿದು ಮಣಿಪಾಲಕ್ಕೆ ಹೋದರೆ, ಗಲಗಲಿ ಜಮಖಂಡಿಯವರು ಬಾಗಲಕೋಟೆ, ವಿಜಯಪುರ, ಬೆಳಗಾವಿಗೆ ಹೋಗುತ್ತಾರೆ. ಹಿಂದಿನಿಂದಲೂ ಗಡಿ ದಾಟಿ ಮಿರಜಕ್ಕೆ ಹೋಗುವ ರೂಢಿಯೂ ಇದೆ. ಮಿರಜದ ಮಿಷನ್ ಆಸ್ಪತ್ರೆ 1894ರಷ್ಟು ಹಿಂದಿನದು. ಆ ಸೀಮೆಯ ಅಜ್ಜಂದಿರಿಗೆ ದೊಡ್ಡ ದವಾಖಾನೆ ಎಂದರೆ ಅದೇ. ಆದರೆ ಅದು ಮಹಾರಾಷ್ಟ್ರ. ನಮ್ಮ ರಾಜ್ಯದ ಕಾರ್ಡನ್ನು ಹಿಡಿದು ಅತ್ತ ಹೊರಡುವ ಮೊದಲು, ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ನೋಡಲೇಬೇಕು.

ಎರಡು, ಪಾಲಿಸಿಯಲ್ಲಿ ವಲಯದ ಕಟ್ಟು ಇದೆಯೇ? ಕೆಲವು ಪಾಲಿಸಿಗಳಲ್ಲಿ ಹಳ್ಳಿಯ ವಿಳಾಸ ಕೊಟ್ಟರೆ ಕಂತು ಕಡಿಮೆ. ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ನಾವೇ ಕೊಡಬೇಕು. ವರ್ಷದ ಅರ್ಧ ಬೆಂಗಳೂರಿನ ಮಗನ ಮನೆಯಲ್ಲಿರುವವರಿಗೆ ಈ ಅಗ್ಗ ದುಬಾರಿಯ ಅಗ್ಗ.

ಮೂರು, ಕೋಣೆಯ ಬಾಡಿಗೆಗೆ ಮಿತಿ ಇದೆಯೇ? ನಮಗೆ ಪೆಟ್ಟಾದದ್ದು ಇದರಲ್ಲಿ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇಕಡಾ 1, ಅಂದರೆ 3,000 ರೂಪಾಯಿ ಬಾಡಿಗೆಯ ಮಿತಿ ಇದ್ದು, ನಾವು 6,000ದ ಕೋಣೆ ಹಿಡಿದೆವೆನ್ನಿ. ಆಗ ಕಡಿತವಾಗುವುದು ಬಾಡಿಗೆಯ 3,000 ಮಾತ್ರವಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಕೋಣೆಯ ಶುಲ್ಕ ಮುಂತಾದವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯುತ್ತವೆ. ಔಷಧಿಯ ಬಿಲ್ಲಿಗೆ ಮಾತ್ರ ಇದು ತಾಗದು.

ನಾಲ್ಕು, ಬೆಲೆ ಬಿದ್ದ ವರ್ಷವೂ ಈ ಕಂತನ್ನು ಕಟ್ಟಬಲ್ಲೆವೇ? ಇದು ತೋಟದವರ ಪ್ರಶ್ನೆ. ಸಂಬಳದಾರನಿಗೆ ಪಿಂಚಣಿ ತಿಂಗಳು ತಿಂಗಳು ಬರುತ್ತದೆ. ನಮ್ಮ ಪಿಂಚಣಿ ಮರದ ಮೇಲಿದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದಾಗ, ಮತ್ತೆ 2001-02ರ ಸುಮಾರಿಗೆ, ಕಾಫಿ ಬೆಳೆದವರು ಏನಾದರೆಂದು ಹಿರಿಯರಿಗೆ ನೆನಪಿದೆ. ಅಡಿಕೆಗೆ ಎಲೆಚುಕ್ಕೆ ರೋಗ, ಹಳದಿ ಎಲೆ ರೋಗದ ಕಾಟ ಇದ್ದೇ ಇದೆ. ಕಾಫಿಗೆ ಬೆಲೆ ಬಂದ ವರ್ಷ ಉತ್ಸಾಹದಿಂದ ದೊಡ್ಡ ಪಾಲಿಸಿ ಕೊಂಡು, ಬೆಲೆ ಬಿದ್ದ ವರ್ಷ ಕಟ್ಟದೆ ಬಿಟ್ಟರೆ, ಅಷ್ಟು ವರ್ಷ ಕಾದ ಕಾಯುವಿಕೆಯೂ ಹೋಯಿತು, ಹಣವೂ ಹೋಯಿತು. ಆದುದರಿಂದ ಕಂತಿನ ಲೆಕ್ಕವನ್ನು ಕೆಟ್ಟ ವರ್ಷದ ಹುಟ್ಟುವಳಿಯ ಮೇಲೆ ಹಾಕಬೇಕು. ಅದಾಗದಿದ್ದರೆ ಯಶಸ್ವಿನಿಯೇ ನಮಗೆ ಹಾಸಿಗೆ ಇದ್ದಷ್ಟು ಕಾಲು.

ಮಗನ ಕಂಪನಿಯ ವಿಮೆಯಲ್ಲಿ ತಂದೆತಾಯಿಗಳ ಹೆಸರಿದೆ ಎಂದು ನಿಶ್ಚಿಂತರಾಗಿರುವ ಸದಸ್ಯರೂ ಇದ್ದಾರೆ. ಒಳ್ಳೆಯದು. ಆದರೆ ಮಗ ಕೆಲಸ ಬಿಟ್ಟ ದಿನ ಆ ನೆರಳೂ ಸರಿಯುತ್ತದೆ. ಎಪ್ಪತ್ತೆರಡರ ವಯಸ್ಸಿನಲ್ಲಿ ಹೊಸ ನೆರಳು ಹುಡುಕುವುದು ಸುಲಭವಲ್ಲ. ಇನ್ನು ಕೆಲವು ಆಸ್ಪತ್ರೆಗಳು ಕೊಡುವ ರಿಯಾಯಿತಿ ಕಾರ್ಡನ್ನು ವಿಮೆ ಎಂದು ತಿಳಿದವರೂ ಇದ್ದಾರೆ. ಅದು ಬಿಲ್ಲಿನಲ್ಲಿ ಸ್ವಲ್ಪ ಬಿಡುವುದೇ ಹೊರತು ಬಿಲ್ಲನ್ನು ಹೊರುವುದಿಲ್ಲ.

ಎರಡು ಮನೆಯ ಈ ತೊಡಕು ನಮ್ಮದು ಮಾತ್ರವೂ ಅಲ್ಲ. ಅಮೆರಿಕದಲ್ಲಿ ಚಳಿಗಾಲಕ್ಕೆ ಫ್ಲಾರಿಡಾದಂಥ ಬೆಚ್ಚನೆಯ ಸೀಮೆಗೆ ಹೋಗುವ ವೃದ್ಧರಿದ್ದಾರೆ. 1965ರಲ್ಲಿ ಶಾಸನವಾದ ಅಲ್ಲಿನ ಸರ್ಕಾರದ ಮೆಡಿಕೇರ್ ದೇಶದಲ್ಲೆಲ್ಲ ನಡೆಯುತ್ತದೆ. ಅದರ ಬದಲಿಗೆ ಖಾಸಗಿ ಕಂಪನಿಯ ಮೂಲಕ ಪಡೆಯುವ ಯೋಜನೆಗಳಲ್ಲಿ ಹಲವು ಒಂದು ಸೀಮೆಯ ಆಸ್ಪತ್ರೆಗಳಿಗೇ ಕಟ್ಟುಬಿದ್ದಿರುತ್ತವೆ. ಅಲ್ಲಿಯೂ ಹಿರಿಯರಿಗೆ ಹೇಳುವ ಬುದ್ಧಿ ಇದೇ: ಎರಡೂ ಮನೆಯ ಬಾಗಿಲಲ್ಲಿ ನಿಂತು ವಿಮೆಯನ್ನು ಆರಿಸಿ.

ನಾವು ಏನು ಮಾಡಿದೆವೆಂದು ಕೇಳಬಹುದು. ಕಾಯುವ ಅವಧಿ ಮುಗಿದಿದ್ದ ಪಾಲಿಸಿಯನ್ನು ಎಸೆಯಲಿಲ್ಲ. ನವೀಕರಣದ ದಿನಕ್ಕೆ ಒಂದೂವರೆ ತಿಂಗಳ ಮೊದಲೇ ಅರ್ಜಿ ಕೊಟ್ಟು, ಕಾದ ವರ್ಷಗಳ ಲೆಕ್ಕ ಉಳಿಯುವಂತೆ, ಎರಡೂ ಸೀಮೆಯ ಆಸ್ಪತ್ರೆಗಳಿರುವ, ಬಾಡಿಗೆಯ ಮಿತಿ ಇಲ್ಲದ ಇನ್ನೊಂದು ಕಂಪನಿಗೆ ವರ್ಗಾಯಿಸಿಕೊಂಡೆವು. ಇಂಥ ವರ್ಗಾವಣೆಗೆ ಕಾನೂನಿನಲ್ಲಿ ಅವಕಾಶವಿದೆ. ಮಗನ ಸಂಸಾರ ಬೇರೆ ಪಡಿತರ ಚೀಟಿಯದು. ಅವನು ಯಶಸ್ವಿನಿಗೆ ಸೇರಿದ್ದಾನೆ. ಹೊಸ ಪಾಲಿಸಿ ಇಲ್ಲದ ಸದಸ್ಯರಿಗೆ ನಾವು ಹೇಳುವುದು, ಮೊದಲು ಯಶಸ್ವಿನಿ, ಆಮೇಲೆ ಮಿಕ್ಕ ಯೋಚನೆ. ವಿಮಾ ಕಂಪನಿಯಿಂದ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ. ನಮಗೆ ಇದು ತಿಳಿದದ್ದು ತಡವಾಗಿ.

ಯಾವ ವಿಮೆ ಇದ್ದರೂ ಇಲ್ಲದಿದ್ದರೂ ಎದೆನೋವು ಬಂದಾಗ ಕಾರ್ಡು ಹುಡುಕುತ್ತ ಕೂರಬಾರದು. 108ಕ್ಕೆ ಫೋನು ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. 2023ರಲ್ಲಿ ಆರಂಭವಾದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಅದಕ್ಕೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಹಣವಿಲ್ಲದೆ ಕೊಡುತ್ತಾರೆ.

ಕೊನೆಯದಾಗಿ ಸಂಘದ ಆಡಳಿತ ಮಂಡಳಿಗೆ ನಮ್ಮ ಬಿನ್ನಹ. ನೋಂದಣಿಯ ತಿಂಗಳಲ್ಲಿ, ಒಪ್ಪಿಗೆ ಕೊಟ್ಟ ಸದಸ್ಯರ ಅಡಿಕೆಯ ಪಾವತಿಯಿಂದಲೇ ಯಶಸ್ವಿನಿಯ ವಂತಿಗೆ ಹಿಡಿದುಕೊಳ್ಳುವ ವ್ಯವಸ್ಥೆಯಾಗಲಿ. ಸಂಘದ ಫಲಕದಲ್ಲಿ ನಮ್ಮ ಜಿಲ್ಲೆಯ ಆಸ್ಪತ್ರೆಗಳ ಪಟ್ಟಿಯ ಜೊತೆಗೆ ಸದಸ್ಯರು ಮಳೆಗಾಲ ಕಳೆಯುವ ಊರುಗಳ ಪಟ್ಟಿಯೂ ಇರಲಿ. ಕಾರ್ಡುಗಳ ಒಂದೊಂದು ಪ್ರತಿ ಕಚೇರಿಯಲ್ಲಿರಲಿ. ರಾತ್ರಿ ಫೋನು ಮಾಡಿದರೆ ಸಂಖ್ಯೆ ಹೇಳುವವರೊಬ್ಬರಿರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಮ್ಮ ಸಂಘದ ಷೇರುಗಳು ಬಹುಪಾಲು ಗಂಡಸರ ಹೆಸರಿನಲ್ಲಿವೆ. ಯಶಸ್ವಿನಿ ದೊರೆಯುವುದು ಸದಸ್ಯನಿಗೆ, ಅವನ ಮೂಲಕ ಕುಟುಂಬಕ್ಕೆ. ಅವನು ಕಣ್ಣು ಮುಚ್ಚಿದರೆ, ಅವನೊಂದಿಗೆ ನಲವತ್ತು ವರ್ಷ ಕಾಫಿ ಕೊಯ್ದು ಅಡಿಕೆ ಸುಲಿದ ಹೆಂಗಸು ಮುಂದಿನ ನೋಂದಣಿಯಲ್ಲಿ ಯಾರ ಹೆಸರು ಹೇಳಬೇಕು? ಇಂದೇ ಷೇರಿನ ನಾಮನಿರ್ದೇಶನ ಸರಿಯಿದೆಯೇ ನೋಡಿ. ಸಾಧ್ಯವಿದ್ದವರು ಮನೆಯವರನ್ನು ಅವರದೇ ಹೆಸರಿನಲ್ಲಿ ಸದಸ್ಯರನ್ನಾಗಿ ಮಾಡಿ. ಸೆಪ್ಟೆಂಬರಿನ ಸರ್ವಸದಸ್ಯರ ಸಭೆಗೆ ನಾವು ಎರಡೂರಿನವರು ಬರುವುದು ಕಡಿಮೆ. ಆದುದರಿಂದಲೇ ಈ ಮಾತನ್ನು ಪತ್ರಿಕೆಯ ಮೂಲಕ ಹೇಳುತ್ತಿದ್ದೇವೆ.

ಆ ರಾತ್ರಿ ಗಲಗಲಿಯಲ್ಲಿ ನೋವಿನಲ್ಲಿಯೂ ಮನೆಯವರು ಕೇಳಿದ್ದು, 'ಅಡಿಕೆ ಮಾರಬೇಕೇ?' ಎಂದು. ಆ ಮಾತು ನಮ್ಮ ಸದಸ್ಯರ ಯಾವ ಮನೆಯಲ್ಲಿಯೂ, ಯಾವ ಊರಿನಲ್ಲಿಯೂ, ಇನ್ನೊಮ್ಮೆ ಕೇಳಬಾರದು. ನೋಂದಣಿಯ ಪುಸ್ತಕ ತೆರೆದ ದಿನವೇ ಹೆಸರು ಬರೆಸಿ.